ಜ್ಯೂರಿ ಹೋಯಿತು, ಪಂಚರು ಉಳಿದಿದ್ದೀರಿ

ಬೂದಿಕೋಟೆ ಹೋಬಳಿಯ ಪಂಚರಿಗೂ ಸಾಕ್ಷಿದಾರರಿಗೂ ಒಂದು ಬಹಿರಂಗ ಪತ್ರ



ನಿಮಗೊಂದು ಸಂಘವಿಲ್ಲ, ಕಚೇರಿಯಿಲ್ಲ, ಗುರುತಿನ ಚೀಟಿಯಿಲ್ಲ. ಡೇರಿಗೆ ಹಾಲು ಹಾಕಿ ಮರಳುವಾಗಲೋ, ಬಂಗಾರಪೇಟೆಯ ಬಸ್ಸಿಗೆ ಕಾಯುತ್ತಿರುವಾಗಲೋ ಪೊಲೀಸರು ಕರೆದು ‘ಯಜಮಾನ್ರೇ, ಒಂದು ಮಹಜರು ಇದೆ, ಸ್ವಲ್ಪ ನಿಂತು ಸಹಿ ಹಾಕಿ ಹೋಗಿ’ ಎಂದ ಗಳಿಗೆಯಿಂದ ನೀವು ಪಂಚರು. ಕಣ್ಣೆದುರು ಹೊಡೆದಾಟವೋ ಕೊಲೆಯೋ ನಡೆದುಹೋದ ಗಳಿಗೆಯಿಂದ ನೀವು ಸಾಕ್ಷಿ. ಆಮೇಲೆ ಎಷ್ಟೋ ವರ್ಷಕ್ಕೆ ಸಮನ್ಸ್ ಬರುತ್ತದೆ. ಬಂಗಾರಪೇಟೆಗೋ ಕೆಜಿಎಫ್‌ಗೋ ಕೋಲಾರಕ್ಕೋ ಹೋಗಿ ಕಟಕಟೆ ಹತ್ತುತ್ತೀರಿ. ಅಲ್ಲಿ ‘ನನಗೇನೂ ಗೊತ್ತಿಲ್ಲ ಸ್ವಾಮಿ, ಪೊಲೀಸರು ತೋರಿಸಿದ ಕಡೆ ಸಹಿ ಹಾಕಿದೆ’ ಎಂಬ ಮಾತು ನಿಮ್ಮ ಬಾಯಿಂದ ಬಂದರೆ, ಸರ್ಕಾರಿ ವಕೀಲರು ನಿಮ್ಮನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಕೋರುತ್ತಾರೆ. ಊರಿನ ಮಾತಿನಲ್ಲಿ ಹೇಳುವುದಾದರೆ ನೀವು ‘ಹೋಸ್ಟೈಲ್’ ಆದಿರಿ. ಆ ಸಂಜೆ ಎಂದಿನಂತೆ ಮನೆಗೆ ಬರುತ್ತೀರಿ, ಎಮ್ಮೆಗೆ ಹುಲ್ಲು ಹಾಕುತ್ತೀರಿ. ಆದರೆ ಆ ಒಂದು ಮಾತಿನಿಂದ ಅಲ್ಲಿ ಒಂದು ಮೊಕದ್ದಮೆಯೇ ಕುಸಿದಿರಬಹುದು. ಆ ಮಾತಿನ ತೂಕ ಎಷ್ಟೆಂದು ನಿಮ್ಮೊಂದಿಗೆ ಕೂತು ಅಳೆಯುವುದಕ್ಕಾಗಿ ಈ ಪತ್ರ.

ಒಂದು ಕಾಲದಲ್ಲಿ ಈ ದೇಶದ ಕೆಲವು ನ್ಯಾಯಾಲಯಗಳಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಅಧಿಕಾರ ನಿಮ್ಮಂಥ ಸಾಮಾನ್ಯರ ಕೈಯಲ್ಲೇ ಇತ್ತು. ಅವರನ್ನು ಜ್ಯೂರಿ ಎನ್ನುತ್ತಿದ್ದರು. 1665ರಲ್ಲಿ ಮದರಾಸಿನ ಕೋಟೆಯಲ್ಲಿ, ತನ್ನ ಗುಲಾಮ ಹುಡುಗಿಯನ್ನು ಕೊಂದ ಆರೋಪ ಹೊತ್ತ ಅಸೆಂಶಿಯಾ ಡಾಸ್ ಎಂಬ ಹೆಂಗಸಿನ ವಿಚಾರಣೆಗೆ ಆರು ಮಂದಿ ಇಂಗ್ಲಿಷರೂ ಆರು ಮಂದಿ ಪೋರ್ಚುಗೀಸರೂ ಜ್ಯೂರಿಯಾಗಿ ಕೂತರು, ಆಕೆ ನಿರ್ದೋಷಿ ಎಂದರು. ಕಂಪನಿಯ ಕಾಲದಿಂದ ರಾಣಿಯ ಕಾಲಕ್ಕೆ ಈ ಪದ್ಧತಿ ಬೆಳೆಯಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸೆಷನ್ಸ್ ವಿಚಾರಣೆಗೆ ಕೆಲವೆಡೆ ಜ್ಯೂರಿ, ಉಳಿದೆಡೆ ಅಸೆಸರ್‌ಗಳು ಎಂಬ ಏರ್ಪಾಡಿತ್ತು. ಅಸೆಸರ್ ಎಂದರೆ ನ್ಯಾಯಾಧೀಶರ ಪಕ್ಕ ಕೂತು ಅಭಿಪ್ರಾಯ ಹೇಳುವವನು. ಅವನ ಮಾತನ್ನು ನ್ಯಾಯಾಧೀಶರು ಒಪ್ಪಲೇಬೇಕೆಂದಿರಲಿಲ್ಲ. 1955ರ ತಿದ್ದುಪಡಿಯಲ್ಲಿ ಅಸೆಸರ್‌ಗಳು ಹೋದರು. 1958ರಲ್ಲಿ ಕಾನೂನು ಆಯೋಗ ತನ್ನ ಹದಿನಾಲ್ಕನೆಯ ವರದಿಯಲ್ಲಿ ಜ್ಯೂರಿಯೂ ಬೇಡ ಎಂದಿತು. ಮರುವರ್ಷ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಗೆಳೆಯನನ್ನು ಗುಂಡಿಟ್ಟು ಕೊಂದ ಪ್ರಕರಣ ನಡೆಯಿತು. ಜ್ಯೂರಿ ಎಂಟಕ್ಕೆ ಒಂದು ಮತದಿಂದ ಆತ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1974ರ ಏಪ್ರಿಲ್ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಅದರಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಇಂದು ಅದರ ನೆರಳು ಉಳಿದಿರುವುದು ಪಾರ್ಸಿಗಳ ವಿವಾಹ ನ್ಯಾಯಾಲಯದಲ್ಲಿ ಕೂರುವ ಐವರು ಪ್ರತಿನಿಧಿಗಳಲ್ಲಿ ಮಾತ್ರ.

ಜ್ಯೂರಿಗೆ ಒಂದು ವಿಚಿತ್ರ ಶಕ್ತಿಯಿತ್ತು. ಆರೋಪಿ ಕೃತ್ಯ ಎಸಗಿದ್ದಾನೆ ಎಂದು ಸಾಕ್ಷ್ಯ ಸಾರಿ ಹೇಳುತ್ತಿದ್ದರೂ, ಆ ಕಾನೂನೇ ಅನ್ಯಾಯ ಅಥವಾ ಆ ಶಿಕ್ಷೆಯೇ ಕ್ರೂರ ಎಂದು ತಮ್ಮ ಮನಸ್ಸಿಗೆ ಕಂಡರೆ, ಕಾನೂನನ್ನು ಬದಿಗಿಟ್ಟು ‘ನಿರ್ದೋಷಿ’ ಎಂದುಬಿಡಬಹುದಿತ್ತು. ಏಕೆ ಹಾಗೆಂದಿರಿ ಎಂದು ಅವರನ್ನು ಯಾರೂ ಕೇಳುವಂತಿರಲಿಲ್ಲ. ಈ ರಕ್ಷಣೆಗೆ ಗಟ್ಟಿ ಬುನಾದಿ ಬಿದ್ದದ್ದು 1670ರಲ್ಲಿ. ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರನ್ನು ಅಕ್ರಮ ಕೂಟದ ಆರೋಪದ ಮೇಲೆ ವಿಚಾರಣೆಗೆ ಗುರಿಪಡಿಸಿದಾಗ ಜ್ಯೂರಿಯ ಹನ್ನೆರಡು ಸದಸ್ಯರು ಶಿಕ್ಷೆಗೆ ಒಪ್ಪಲಿಲ್ಲ. ಅವರನ್ನು ಅನ್ನ ನೀರಿಲ್ಲದೆ ಕೂಡಿಹಾಕಿದರು, ಜುಲ್ಮಾನೆ ಹಾಕಿದರು. ಎಡ್ವರ್ಡ್ ಬುಶೆಲ್ ಎಂಬಾತ ಜುಲ್ಮಾನೆ ಕಟ್ಟದೆ ಸೆರೆಮನೆಗೆ ಹೋದ. ಕೊನೆಗೆ ಮುಖ್ಯ ನ್ಯಾಯಮೂರ್ತಿ ವಾನ್, ಜ್ಯೂರಿ ಕೊಟ್ಟ ತೀರ್ಮಾನಕ್ಕಾಗಿ ಅದರ ಸದಸ್ಯರನ್ನು ದಂಡಿಸುವಂತಿಲ್ಲ ಎಂದು ತೀರ್ಪು ಕೊಟ್ಟರು. ಅದೇ ಇಂಗ್ಲೆಂಡಿನಲ್ಲಿ ಮುಂದೆ, ಮನೆಯೊಳಗಿಂದ ನಲವತ್ತು ಶಿಲ್ಲಿಂಗ್ ಬೆಲೆಯ ವಸ್ತು ಕದ್ದವನಿಗೆ ಗಲ್ಲು ಎಂಬ ಕಾನೂನಿದ್ದಾಗ, ಎಷ್ಟೋ ಜ್ಯೂರಿಗಳು ಕದ್ದ ಮಾಲಿನ ಬೆಲೆ ಮೂವತ್ತೊಂಬತ್ತು ಶಿಲ್ಲಿಂಗ್ ಎಂದು ಬರೆದು ಕಳ್ಳನ ಕತ್ತು ಉಳಿಸಿದರು. ಅಮೆರಿಕದಲ್ಲಿ 1850ರ ಕಾನೂನು, ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂದಿತು. ಗುಲಾಮರಿಗೆ ನೆರವಾದವರನ್ನು ದಂಡಿಸಲು ಉತ್ತರದ ಕೆಲವು ಜ್ಯೂರಿಗಳು ಒಪ್ಪಲಿಲ್ಲ. ಇವನ್ನು ಓದಿದ ಯಾರಿಗೂ ಆ ಜನರ ಮೇಲೆ ಗೌರವ ಹುಟ್ಟುತ್ತದೆ, ಹುಟ್ಟಬೇಕು.

ಆದರೆ ಅದೇ ಶಕ್ತಿಗೆ ಇನ್ನೊಂದು ಮುಖವಿದೆ. 1955ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದು ನದಿಗೆ ಎಸೆದವರನ್ನು, ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಬಿಡುಗಡೆ ಮಾಡಿತು. ಕೆಲವೇ ತಿಂಗಳಲ್ಲಿ ಆ ಇಬ್ಬರೂ ತಾವೇ ಕೊಂದದ್ದೆಂದು ಒಂದು ಪತ್ರಿಕೆಗೆ ಹೇಳಿಕೊಂಡರು. ಕಾನೂನಿನಲ್ಲಿ ಕೊಲೆ ಅಪರಾಧವಾಗಿಯೇ ಇತ್ತು. ‘ನಮ್ಮವರು ಅವರವರನ್ನು ಕೊಂದರೆ ಅದು ಅಪರಾಧವಲ್ಲ’ ಎಂಬುದು ಆ ಊರಿನ ಒಳಗಿನ ಕಾನೂನು, ಜ್ಯೂರಿ ಪಾಲಿಸಿದ್ದು ಅದನ್ನು. ನಮ್ಮಲ್ಲೂ 1908ರಲ್ಲಿ ತಿಲಕರ ಮೇಲಿನ ರಾಜದ್ರೋಹದ ಮೊಕದ್ದಮೆಯಲ್ಲಿ ಜ್ಯೂರಿಯ ಒಂಬತ್ತು ಸದಸ್ಯರ ಪೈಕಿ ಏಳು ಮಂದಿ ಯುರೋಪಿಯನ್ನರು ತಪ್ಪಿತಸ್ಥ ಎಂದರು, ಇಬ್ಬರು ಭಾರತೀಯರು ಅಲ್ಲ ಎಂದರು. ಸಾಕ್ಷ್ಯ ಎಲ್ಲರಿಗೂ ಒಂದೇ ಇತ್ತು, ಒಡೆದದ್ದು ಯಾರು ಯಾವ ಕಡೆಯವರು ಎಂಬ ಗೆರೆಯ ಮೇಲೆ. ಹಾಗಾಗಿ ಜನರ ಅಂತಃಕರಣ ಕಾನೂನಿಗಿಂತ ದೊಡ್ಡದು ಎಂದು ಹೊಗಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಅಲ್ಲಿ ನಿಜವಾಗಿ ಮಾತಾಡುತ್ತಿರುವುದು ಅಂತಃಕರಣವೋ, ಅಂತಃಕರಣದ ಬಟ್ಟೆ ತೊಟ್ಟ ಜಾತಿ, ನೆಂಟಸ್ತಿಕೆ, ಭಯವೋ?

ಇಷ್ಟು ದೂರದ ಕಥೆ ನಿಮಗೇಕೆ ಎಂದರೆ, ಆ ಶಕ್ತಿ ಜ್ಯೂರಿಯ ಜೊತೆ ಸಾಯಲಿಲ್ಲ. ನ್ಯಾಯಾಧೀಶರ ಪಕ್ಕದ ಆಸನದಿಂದ ಇಳಿದು ಕಟಕಟೆಗೆ ಬಂದು ನಿಂತಿತು. ಇಂದು ತೀರ್ಪು ಬರೆಯುವವರು ನ್ಯಾಯಾಧೀಶರೇ. ಆದರೆ ಅವರು ನೋಡುವುದು ನಿಮ್ಮ ಕಣ್ಣಿನಿಂದ, ಕೇಳುವುದು ನಿಮ್ಮ ಕಿವಿಯಿಂದ. ನೀವು ಕಣ್ಣು ಮುಚ್ಚಿದರೆ ಅವರು ಕುರುಡರು. ಇದಕ್ಕೆ ಸಾಕ್ಷಿ ಹುಡುಕಲು ಮಿಸಿಸಿಪಿಗೆ ಹೋಗಬೇಕಿಲ್ಲ. 2000ದ ಮಾರ್ಚ್ 11ರಂದು, ಆಗ ನಮ್ಮದೇ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಹಚ್ಚಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಕತ್ತಲಲ್ಲಿ ಯಾರೂ ಕಾಣದಂತೆ ಮುಗಿದುಹೋಗುವ ಕೆಲಸ ಅದಾಗಿರಲಿಲ್ಲ, ಊರೇ ಇದ್ದ ಊರಿನಲ್ಲಿ ನಡೆದದ್ದು. ವಿಚಾರಣೆ ಬಂದಾಗ ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ತಿರುಗಿಬಿದ್ದರು. 2006ರ ಡಿಸೆಂಬರಿನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟೂ ಖುಲಾಸೆಯನ್ನು ಎತ್ತಿಹಿಡಿಯಿತು. ಆ ಏಳು ಜನ ಸತ್ತದ್ದು ಸತ್ಯ, ಸುಟ್ಟು ಸತ್ತದ್ದು ಸತ್ಯ. ಕಾನೂನಿನ ಲೆಕ್ಕದಲ್ಲಿ ಸುಟ್ಟವರು ಮಾತ್ರ ಯಾರೂ ಇಲ್ಲ. ಸಾಕ್ಷಿಗಳು ಬಾಯಿ ಮುಚ್ಚಿದರೆ ಜ್ಯೂರಿಯಿಲ್ಲದ ಕಾಲದಲ್ಲೂ ಜ್ಯೂರಿಯ ಬಿಡುಗಡೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ. ಅಲ್ಲಿ ಮಾತು ತಿರುಗಿಸಿದ ಬಡವರನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಅವರ ಹೆಗಲ ಮೇಲೆ ಯಾರ ಕೈ ಇತ್ತು ಎಂಬುದು ಮೊದಲ ಪ್ರಶ್ನೆ, ಅದಕ್ಕೆ ಮುಂದೆ ಬರುತ್ತೇನೆ.

‘ಜ್ಯೂರಿ ಮಾಡಿದರೆ ಅಂತಃಕರಣ, ನಾವು ಮಾಡಿದರೆ ಸುಳ್ಳುಸಾಕ್ಷಿಯೇ?’ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ವ್ಯತ್ಯಾಸ ಮೂರು ಕಡೆ ಇದೆ. ಜ್ಯೂರಿಯವನು ಎರಡೂ ಕಡೆಯ ಸಾಕ್ಷ್ಯವನ್ನೆಲ್ಲ ಕೇಳಿದ ಮೇಲೆ ತೀರ್ಮಾನಕ್ಕೆ ಬರುತ್ತಾನೆ. ಸಾಕ್ಷಿಯಾದವನು ತಾನು ಕಂಡ ಒಂದು ತುಣುಕನ್ನು ಮುಚ್ಚಿಟ್ಟು, ಉಳಿದವರು ಏನು ಕಂಡರು ಎಂದು ತಿಳಿಯುವ ಮೊದಲೇ ಇಡೀ ಮೊಕದ್ದಮೆಯನ್ನು ಮುಗಿಸುತ್ತಾನೆ. ಎರಡನೆಯದು, ಜ್ಯೂರಿಯಲ್ಲಿ ಆರೋಪಿಯ ನೆಂಟರನ್ನೂ ಸಾಲಗಾರರನ್ನೂ ಹಗೆಗಳನ್ನೂ ಆಕ್ಷೇಪಿಸಿ ಹೊರಗಿಡಲು ದಾರಿಯಿತ್ತು, ಜೊತೆಗೆ ಬೇರೆಯವರೊಡನೆ ವಾದ ಮಾಡಿ ಒಪ್ಪಿಸಬೇಕಿತ್ತು. ಸಾಕ್ಷಿಯನ್ನು ಯಾರೂ ಹಾಗೆ ಜರಡಿ ಹಿಡಿಯುವುದಿಲ್ಲ, ಹಿಂದಿನ ರಾತ್ರಿ ಅವನ ಜಗುಲಿಗೆ ಬಂದು ಕೂತವರ ಜೊತೆ ಅವನ ವಾದ ಮುಗಿದಿರುತ್ತದೆ. ಮೂರನೆಯದೇ ಮುಖ್ಯ. ಬುಶೆಲ್ ‘ಪೆನ್ ಆ ಬೀದಿಯಲ್ಲಿ ಮಾತಾಡಲೇ ಇಲ್ಲ’ ಎನ್ನಲಿಲ್ಲ. ಮಾತಾಡಿದ್ದನ್ನು ಒಪ್ಪಿಕೊಂಡೇ ಅದು ಅಪರಾಧವಲ್ಲ ಎಂದ. ಪ್ರತಿಕೂಲನಾದ ಸಾಕ್ಷಿ ತಾನು ಕಂಡದ್ದನ್ನೇ ಕಂಡಿಲ್ಲ ಎನ್ನುತ್ತಾನೆ. ಕನ್ನಡದಲ್ಲಿ ಅಂತಃಕರಣದ ಈ ಎಚ್ಚರಕ್ಕೆ ‘ಆತ್ಮಸಾಕ್ಷಿ’, ‘ಮನಸ್ಸಾಕ್ಷಿ’ ಎಂಬ ಮಾತುಗಳಿವೆ. ಒಳಗೆ ಕೂತು ಎಲ್ಲವನ್ನೂ ನೋಡಿದವನು ಎಂದು ಅದರ ಅರ್ಥ. ಆ ಒಳಗಿನ ಸಾಕ್ಷಿಯ ಹೆಸರು ಹೇಳಿ ಹೊರಗಿನ ಸಾಕ್ಷಿ ಸುಳ್ಳಾಡಲು ಬರುವುದಿಲ್ಲ. ನೋಡಿದ್ದನ್ನು ನೋಡಿಲ್ಲ ಎನ್ನು ಎಂದು ಯಾವ ಮನಸ್ಸಾಕ್ಷಿಯೂ ಹೇಳುವುದಿಲ್ಲ. ಹಾಗೆ ಹೇಳುವುದು ಬೇರೆ ಏನೋ.

ಆ ಬೇರೆ ಏನೋ ಯಾವುದು ಎಂದು ನಮ್ಮ ನಾಡಿನಲ್ಲೇ ಕೂತು ಬರೆದ ಗ್ರಂಥ ಚೆನ್ನಾಗಿ ಬಲ್ಲದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಅದರ ವ್ಯವಹಾರ ಭಾಗದಲ್ಲಿ ನ್ಯಾಯಸಭೆಯ ಸದಸ್ಯರು ದಾರಿ ತಪ್ಪುವುದಕ್ಕೆ ಮೂರು ಕಾರಣ ಹೇಳಿದೆ: ರಾಗ, ಲೋಭ, ಭಯ. ಇವುಗಳಿಂದ ಅನ್ಯಾಯದ ತೀರ್ಮಾನ ಕೊಟ್ಟ ಪ್ರತಿಯೊಬ್ಬ ಸದಸ್ಯನಿಗೂ, ಆ ವ್ಯಾಜ್ಯದಲ್ಲಿ ಸೋತವನಿಗೆ ಬೀಳುವ ದಂಡದ ಎರಡರಷ್ಟು ದಂಡ ಎಂಬ ವಿಧಿಯಿದೆ. ಇಡೀ ಸಭೆಗೆ ಸೇರಿಸಿ ಒಂದೇ ದಂಡ ಎನ್ನದೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಎಂದದ್ದನ್ನು ಗಮನಿಸಿ. ‘ಊರೆಲ್ಲ ಹಾಗೆ ಹೇಳಿತು, ನಾನೂ ಹೇಳಿದೆ’ ಎಂಬ ನೆಪವನ್ನು ಸಾವಿರ ವರ್ಷದ ಹಿಂದೆಯೇ ಒಪ್ಪಿರಲಿಲ್ಲ. ಆ ಸ್ಮೃತಿಗಳಲ್ಲಿ ನಾವು ತಳ್ಳಿಹಾಕಬೇಕಾದದ್ದು ಬಹಳ ಇದೆ, ಒಂದೇ ತಪ್ಪಿಗೆ ವರ್ಣ ನೋಡಿ ಶಿಕ್ಷೆ ಹಂಚುವುದು ಅದರಲ್ಲಿ ಮೊದಲನೆಯದು. ಆದರೆ ಈ ಮೂರು ಹೆಸರುಗಳು ಇಂದಿಗೂ ಹಳತಾಗಿಲ್ಲ. ನಮ್ಮವನು ಎಂಬ ರಾಗ, ಕೈಗೆ ಬಂದ ದುಡ್ಡಿನ ಲೋಭ, ನಾಳೆ ಏನಾಗುವುದೋ ಎಂಬ ಭಯ: ಇಂದು ಕಟಕಟೆಯಲ್ಲಿ ಮಾತು ತಿರುಗುವುದು ಈ ಮೂರರಿಂದಲೇ. ಲೋಭಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ, ಅದನ್ನು ಸರಿ ಎನ್ನುವವರು ನಿಮ್ಮಲ್ಲಿಲ್ಲ. ರಾಗ ಮತ್ತು ಭಯ ಮಾತ್ರ ಬಿಡಿಸಿ ನೋಡಬೇಕಾದ ವಿಷಯಗಳು.

ಭಯದ ಮಾತು ಮೊದಲು. ‘ನ್ಯಾಯಾಧೀಶರು ವರ್ಗವಾಗಿ ಹೋಗುತ್ತಾರೆ, ಇನ್‌ಸ್ಪೆಕ್ಟರೂ ಹೋಗುತ್ತಾರೆ. ನಾವು ಇದೇ ಊರಿನಲ್ಲಿ, ಅದೇ ಬೋರ್‌ವೆಲ್ಲಿನ ನೀರು ಕುಡಿದು, ಅವರ ಹೊಲದಲ್ಲೇ ಕೂಲಿ ಮಾಡಿ ಬದುಕಬೇಕು’ ಎಂಬ ಮಾತನ್ನು ಹೇಡಿತನ ಎನ್ನುವವರಿಗೆ ಹಳ್ಳಿ ಗೊತ್ತಿಲ್ಲ. ಭೂಮಿ, ಕೂಲಿ, ಸಾಲ, ದಾರಿ ಎಲ್ಲವೂ ಎದುರು ಪಕ್ಷದ ಕೈಯಲ್ಲಿರುವಾಗ ಸತ್ಯ ಹೇಳುವ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಅದಕ್ಕಾಗಿಯೇ ಈ ಪತ್ರದ ಮೊದಲ ಕೋರಿಕೆ ಆ ಖರ್ಚು ಹೊರಬಲ್ಲವರಿಗೆ: ಹತ್ತು ಎಕರೆ ಇರುವವರಿಗೆ, ಪಿಂಚಣಿ ಬರುವವರಿಗೆ, ಪಂಚಾಯ್ತಿಯಲ್ಲಿ ಕುರ್ಚಿ ಇರುವವರಿಗೆ, ಆರೋಪಿಯದೇ ಜಾತಿಯವರಿಗೆ. ನೀವು ನಿಂತರೆ ಕೂಲಿಯವನ ಮೇಲಿನ ಭಾರ ಅರ್ಧ ಇಳಿಯುತ್ತದೆ. ಒಬ್ಬ ಸಾಕ್ಷಿಯನ್ನು ಹೆದರಿಸುವುದು ಸುಲಭ, ಹತ್ತು ಮನೆಯ ಹತ್ತು ಸಾಕ್ಷಿಗಳನ್ನು ಹೆದರಿಸುವುದು ಕಷ್ಟ. ಎರಡನೆಯ ಕೋರಿಕೆ, ಇರುವ ರಕ್ಷಣೆಯನ್ನು ಕೇಳಿ ಪಡೆಯಿರಿ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ಒಪ್ಪಿತು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ನೀವು ಅರ್ಜಿ ಕೊಡಬಹುದು. ಬೆದರಿಕೆ ಎಷ್ಟಿದೆ ಎಂದು ಪೊಲೀಸರು ವರದಿ ಕೊಡಬೇಕು, ಅದರ ಮೇಲೆ ಸಮಿತಿ ಕಾವಲು ಕೊಡಿಸಬಹುದು, ಆರೋಪಿಯ ಮುಖಾಮುಖಿಯಾಗದಂತೆ ಸಾಕ್ಷ್ಯ ನುಡಿಯುವ ಏರ್ಪಾಡು ಮಾಡಬಹುದು, ಬೇರೆ ಕಡೆ ಇರಿಸಬಹುದು. ಪರಿಶಿಷ್ಟರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಸಾಕ್ಷಿಗಳಿಗೆ ರಕ್ಷಣೆ, ಪ್ರಯಾಣದ ಖರ್ಚು, ಜೀವನಾಂಶ ಕೊಡುವುದು ಸರ್ಕಾರದ ಕರ್ತವ್ಯ ಎಂದು 2016ರಿಂದ ಕಾಯ್ದೆಯಲ್ಲೇ ಇದೆ. ಕಾಗದದ ಮೇಲಿನ ಈ ಏರ್ಪಾಡುಗಳು ಕಂಬಾಲಪಲ್ಲಿಯ ಸಾಕ್ಷಿಗಳಿಗೆ ಈ ರೂಪದಲ್ಲಿ ಇರಲಿಲ್ಲ. ನಿಮಗಿವೆ. ಯಾರೂ ಅರ್ಜಿಯನ್ನೇ ಕೊಡದಿದ್ದರೆ ಅವು ಕಾಗದದಲ್ಲೇ ಉಳಿಯುತ್ತವೆ.

ರಾಗದ ಮಾತು ಇದಕ್ಕಿಂತ ಸೂಕ್ಷ್ಮ, ಏಕೆಂದರೆ ಅದು ಬಹಳ ಸಲ ಕರುಣೆಯ ರೂಪದಲ್ಲಿ ಬರುತ್ತದೆ. ‘ಎರಡೂ ಮನೆಯವರು ರಾಜಿಯಾಗಿದ್ದಾರೆ, ನಾನೇಕೆ ಅಡ್ಡ ಬರಲಿ?’ ‘ಹುಡುಗನಿಗೆ ಇಪ್ಪತ್ತು ವರ್ಷ, ಜೈಲಿಗೆ ಹೋದರೆ ಹಾಳಾಗುತ್ತಾನೆ.’ ‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.’ ಇದರಲ್ಲಿ ವಿವೇಕವಿದೆ. ಕಾನೂನೂ ಅದನ್ನು ಒಪ್ಪಿಕೊಂಡಿದೆ. ಬೈಗುಳ, ಸಣ್ಣಪುಟ್ಟ ಹೊಡೆತ, ಅತಿಕ್ರಮ ಪ್ರವೇಶದಂಥ ಎಷ್ಟೋ ಅಪರಾಧಗಳಿಗೆ ರಾಜಿಯ ದಾರಿ ಬಾಗಿಲಲ್ಲೇ ಇದೆ, ಲೋಕ ಅದಾಲತ್ತಿನಲ್ಲಿ ಎಲ್ಲರೆದುರು ಸಹಿ ಹಾಕಿ ಮುಗಿಸಬಹುದು. ಶಿಕ್ಷೆ ವಿಧಿಸುವ ಮುನ್ನ ನ್ಯಾಯಾಧೀಶರು ಆರೋಪಿಯ ವಯಸ್ಸು, ಕುಟುಂಬ, ಪೂರ್ವಾಪರಗಳ ಬಗ್ಗೆ ಮಾತು ಕೇಳಲೇಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಷ್ಟೋ ಪ್ರಕರಣಗಳಲ್ಲಿ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಹುಡುಗನನ್ನು ಮೊದಲು ಕೆಣಕಿದರು ಎಂಬುದು ನಿಜವಾದರೆ ಅದನ್ನೂ ಕಟಕಟೆಯಲ್ಲೇ ಹೇಳಬಹುದು, ಅದೂ ನೀವು ಕಂಡ ಸತ್ಯದ ಭಾಗವೇ. ನಾನಾವತಿಯ ವಿಷಯದಲ್ಲೂ ಕೊನೆಗೆ ಕ್ಷಮೆ ಬಂತು. ಆದರೆ ಅದು ಬಂದದ್ದು ಶಿಕ್ಷೆ ಖಚಿತವಾದ ಮೇಲೆ, 1964ರಲ್ಲಿ, ರಾಜ್ಯಪಾಲರ ಸಹಿಯೊಂದಿಗೆ. ಆ ಕ್ಷಮೆ ಸರಿಯೋ ತಪ್ಪೋ ಎಂದು ಇಂದಿಗೂ ನಾವು ವಾದಿಸಬಹುದು. ಕೊಟ್ಟವರು ಯಾರೆಂದು ಗೊತ್ತಿರುವುದರಿಂದಲೇ ಆ ವಾದ ಸಾಧ್ಯ. ಕರುಣೆ ತೋರಬೇಕಾದರೆ ನಡೆದದ್ದನ್ನು ಮೊದಲು ಒಪ್ಪಿಕೊಳ್ಳಬೇಕು. ನಡೆದೇ ಇಲ್ಲ ಎಂದ ಮೇಲೆ ಯಾರಿಗೆ ಏನನ್ನು ಕ್ಷಮಿಸುತ್ತೀರಿ? ಇನ್ನು ಕೊಲೆ, ಅತ್ಯಾಚಾರ, ಜಾತಿ ದೌರ್ಜನ್ಯಗಳ ವಿಷಯದಲ್ಲಿ ರಾಜಿ ಎಂಬ ಮಾತೇ ಸಲ್ಲದು. ಸತ್ತವನು ರಾಜಿಗೆ ಬಂದು ಕೂತಿರುವುದಿಲ್ಲ. ಬಡವನೂ ಬಲಿಷ್ಠನೂ ಒಂದೇ ಜಮಖಾನೆಯ ಮೇಲೆ ಕೂತ ಮಾತ್ರಕ್ಕೆ ಸಮಾನರಾಗುವುದಿಲ್ಲ.

ನಿಮ್ಮ ಅತಿ ಗಟ್ಟಿಯಾದ ಆಕ್ಷೇಪಣೆ ಬೇರೆಯದೇ ಇದೆ. ‘ಪೊಲೀಸರು ಬರೆದುಕೊಂಡದ್ದೇ ಸುಳ್ಳಾದರೆ? ಠಾಣೆಯಲ್ಲಿ ಕೂತು ಬರೆದ ಮಹಜರಿಗೆ ಸ್ಥಳದಲ್ಲಿ ಬರೆದದ್ದೆಂದು ಸಹಿ ಹಾಕಿಸಿಕೊಂಡಿದ್ದರೆ? ಕೋರ್ಟಿನಲ್ಲಿ ನಿಜ ಹೇಳಿದವನೂ ಹೋಸ್ಟೈಲೇ ಅಲ್ಲವೇ?’ ಹೌದು. ಪ್ರತಿಕೂಲ ಸಾಕ್ಷಿ ಎಂಬ ಒಂದೇ ಮುದ್ರೆ ಸುಳ್ಳಾಡಿದವನ ಮೇಲೂ ಬೀಳುತ್ತದೆ, ಹಿಂದಿನ ಸುಳ್ಳನ್ನು ಬಿಟ್ಟು ನಿಜಕ್ಕೆ ಬಂದವನ ಮೇಲೂ ಬೀಳುತ್ತದೆ. ಎರಡನೆಯವನಿಗೆ ನಾಚಿಕೆ ಬೇಡ. ಆದರೆ ಅವನು ಆ ಸ್ಥಿತಿಗೆ ಬಂದದ್ದು ಮೊದಲ ದಿನ ಓದದೆ ಸಹಿ ಹಾಕಿದ್ದರಿಂದ. ಈ ಪತ್ರದ ತಿರುಳು ಇಲ್ಲಿದೆ: ‘ಇಲ್ಲ’ ಎನ್ನುವ ಜ್ಯೂರಿಯ ಹಕ್ಕಿನಲ್ಲಿ ಒಂದು ಪಾಲು ನಿಮಗೂ ಉಳಿದಿದೆ, ಆದರೆ ಅದರ ಜಾಗ ಕಟಕಟೆಯಲ್ಲ, ಮಹಜರಿನ ಹಾಳೆ. ಶೋಧನೆಗೆ ಆ ಸ್ಥಳದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆಯಬೇಕು ಎಂದು ಕಾನೂನು ಹೇಳುವುದು, ಪೊಲೀಸರ ಕೈ ಮೇಲೆ ಊರಿನ ಕಣ್ಣು ಇರಲಿ ಎಂದು. ಠಾಣೆಯ ಕಾಯಂ ಪಂಚರಾಗಿ ಸಹಿ ಹಾಕುತ್ತ ಹೋದವರು ಆ ಕಣ್ಣನ್ನು ಮುಚ್ಚಿದವರು. ಸ್ಥಳಕ್ಕೆ ಹೋಗದ ಮಹಜರಿಗೆ ಸಹಿ ಹಾಕಬೇಡಿ. ಖಾಲಿ ಹಾಳೆಗೆ ಹಾಕಬೇಡಿ. ಓದಿಸಿ ಕೇಳಿ, ನೀವು ಕಾಣದ ಚಾಕು, ಕಾಣದ ದುಡ್ಡು ಅದರಲ್ಲಿದ್ದರೆ ತೆಗೆಸಿ, ತೆಗೆಯದಿದ್ದರೆ ಸಹಿ ಹಾಕದೆ ಎದ್ದುಬನ್ನಿ. ಕಾರಣವಿಲ್ಲದೆ ಪಂಚನಾಗಲು ಒಲ್ಲೆ ಎನ್ನುವುದು ತಪ್ಪಾಗಬಹುದು, ಸುಳ್ಳಿಗೆ ಒಲ್ಲೆ ಎನ್ನುವುದು ತಪ್ಪಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ನಿಮ್ಮ ಹೇಳಿಕೆಗೆ ಸಹಿಯನ್ನು ಕೇಳುವಂತೆಯೇ ಇಲ್ಲ ಎಂಬುದೂ ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ ಶೋಧನೆ, ಜಪ್ತಿಗಳನ್ನು ವಿಡಿಯೋ ಚಿತ್ರೀಕರಣ ಮಾಡಲೇಬೇಕು. ಎಲ್ಲಿ ಚಿತ್ರೀಕರಣ ಎಂದು ಕೇಳುವುದು ಪಂಚರ ಹಕ್ಕು, ಕರ್ತವ್ಯವೂ ಹೌದು.

ಹೀಗೆ ಬಹಿರಂಗವಾಗಿ ‘ಇಲ್ಲ’ ಎನ್ನುವುದು ನಮ್ಮ ಸೀಮೆಗೆ ಹೊಸತಲ್ಲ. ಇಲ್ಲಿಂದ ಕೂಗಳತೆಯ ಕೋಲಾರ ಚಿನ್ನದ ಗಣಿಗಳಲ್ಲಿ 1930ರಲ್ಲಿ ಸಾವಿರಾರು ಕಾರ್ಮಿಕರು, ಪ್ರತಿಯೊಬ್ಬನ ಬೆರಳಚ್ಚು ತೆಗೆದು ನೋಂದಣಿ ಮಾಡುವ ನಿಯಮದ ವಿರುದ್ಧ ಕೆಲಸ ನಿಲ್ಲಿಸಿದರು. ದುಡಿಯಲು ಬಂದವರನ್ನು ಕಳ್ಳರಂತೆ ದಾಖಲೆ ಮಾಡುವುದನ್ನು ಅವರು ಸಹಿಸಲಿಲ್ಲ. ಬೇರೆಯವರ ಬೆರಳನ್ನು ಒತ್ತಿ, ಸುಳ್ಳು ಹೆಸರು ಬರೆಸಿ ಆ ನಿಯಮವನ್ನು ಗುಟ್ಟಾಗಿ ಹಾಳುಗೆಡವಬಹುದಿತ್ತು. ಅವರು ಹಿಡಿದ ದಾರಿ ಬೇರೆ. ಎಲ್ಲರೂ ಕಾಣುವಂತೆ ನಿಂತು, ಕೂಲಿ ಕಳೆದುಕೊಂಡು, ಕೊಡುವುದಿಲ್ಲ ಎಂದರು. ಬುಶೆಲ್ ಸೆರೆಮನೆಗೆ ಹೋಗಿ ಹೇಳಿದ್ದೂ, ಗಣಿ ಕಾರ್ಮಿಕರು ಕೆಲಸ ಬಿಟ್ಟು ಹೇಳಿದ್ದೂ ಒಂದೇ ಬಗೆಯ ಮಾತು. ಅನ್ಯಾಯದ ನಿಯಮಕ್ಕೆ ಎದುರು ನಿಲ್ಲುವವನು ತನ್ನ ಹೆಸರು ಹೇಳಿ ನಿಲ್ಲುತ್ತಾನೆ, ಅದರ ಬೆಲೆಯನ್ನು ತಾನೇ ತೆರುತ್ತಾನೆ. ಕಟಕಟೆಯಲ್ಲಿ ನೋಡಲಿಲ್ಲ ಎನ್ನುವವನು ಬೆಲೆಯನ್ನು ಸತ್ತವನ ಮನೆಯವರಿಂದ ತೆರಿಸುತ್ತಾನೆ.

ನ್ಯಾಯಾಲಯಗಳೂ ಸರ್ಕಾರವೂ ನಿಮಗೆ ತೀರಿಸಬೇಕಾದ ಋಣ ದೊಡ್ಡದಿದೆ, ಅದನ್ನು ಹೇಳದೆ ನಿಮ್ಮ ಕರ್ತವ್ಯವನ್ನಷ್ಟೇ ಹೇಳಿದರೆ ಈ ಪತ್ರ ಅನ್ಯಾಯವಾದೀತು. ಒಂದು ದಿನದ ಕೂಲಿ ಬಿಟ್ಟು ಬಂದ ಸಾಕ್ಷಿಯನ್ನು ‘ಇವತ್ತು ವಕೀಲರಿಲ್ಲ, ಮುಂದಿನ ವಾಯಿದೆಗೆ ಬಾ’ ಎಂದು ಕಳಿಸುವುದನ್ನು 2000ದಲ್ಲೇ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತ್ತು. ನಮ್ಮ ರಾಜ್ಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿಯೂ 2003ರಲ್ಲಿ, ಸಾಕ್ಷಿಯನ್ನು ಗೌರವದಿಂದ ನಡೆಸಿಕೊಳ್ಳಬೇಕು, ಅವನಿಗೆ ತಕ್ಕ ಭತ್ಯೆ, ಸೌಕರ್ಯ, ರಕ್ಷಣೆ ಸಿಗಬೇಕು ಎಂದಿತು. ಸಾಕ್ಷಿ ಬಂದು ಕೂತಿರುವಾಗ ವಿಶೇಷ ಕಾರಣವಿಲ್ಲದೆ ವಾಯಿದೆ ಕೊಡುವಂತಿಲ್ಲ. ಖರ್ಚಿನ ಭತ್ಯೆಯನ್ನು ನಾಚದೆ ಕೇಳಿ. ನಮ್ಮ ಹೋಬಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಗಣಿ ಊರಿನಲ್ಲಿ ತಮಿಳು ಎಂದು ಮೂರು ಭಾಷೆಯಲ್ಲಿ ಬದುಕುವವರು ನಾವು. ಕೋರ್ಟಿನಲ್ಲಿ ಬರೆದುಕೊಂಡ ನಿಮ್ಮ ಮಾತನ್ನು ನಿಮಗೆ ಓದಿ ಹೇಳಬೇಕು, ನಿಮಗೆ ತಿಳಿಯದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ಕಾನೂನಿದೆ. ನೀವು ತೆಲುಗಿನಲ್ಲಿ ಹೇಳಿದ್ದು ಬೇರೆ ಅರ್ಥದಲ್ಲಿ ದಾಖಲಾಗಿದ್ದರೆ ಅಲ್ಲೇ ನಿಂತು ತಿದ್ದಿಸಿ.

‘ನಾನೊಬ್ಬ ನಿಜ ಹೇಳಿದರೆ ಏನಾದೀತು?’ ಎಂಬುದು ಕೊನೆಗೆ ಉಳಿಯುವ ಸಂಶಯ. ಅದಕ್ಕೆ ಉತ್ತರ ಕೊಪ್ಪಳ ಜಿಲ್ಲೆಯಲ್ಲಿದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳ ಮೇಲೆ ದಾಳಿ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಮೊಕದ್ದಮೆ ಹತ್ತು ವರ್ಷ ಎಳೆಯಿತು. ಹತ್ತು ವರ್ಷ ಎಂದರೆ ಸಾಕ್ಷಿಗಳನ್ನು ಹೆದರಿಸಲು, ಕೊಳ್ಳಲು, ದಣಿಸಲು ಧಾರಾಳ ಸಮಯ. ಆದರೂ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 101 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ, ಅವರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲಿನ ನ್ಯಾಯಾಲಯಗಳು ಆ ಶಿಕ್ಷೆಯ ಬಗ್ಗೆ ಏನೇ ಹೇಳಲಿ, ಒಂದು ವಿಷಯ ಸ್ಥಿರವಾಯಿತು: ಸಾಕ್ಷ್ಯ ನಿಂತಲ್ಲಿ ನ್ಯಾಯಾಲಯ ನೋಡಬಲ್ಲದು. ಕಂಬಾಲಪಲ್ಲಿಗೂ ಮರಕುಂಬಿಗೂ ನಡುವೆ ಕೊಲೆ, ಬೆಂಕಿ, ಜಾತಿಗಳಲ್ಲಿ ಎಷ್ಟೇ ಹೋಲಿಕೆಯಿರಲಿ ವ್ಯತ್ಯಾಸವಿರಲಿ, ತೀರ್ಪುಗಳ ದಾರಿ ಕವಲೊಡೆದದ್ದು ಕಟಕಟೆಯ ಹತ್ತಿರ.

ನಮ್ಮ ಕಡೆಯ ಜನ ಮಾತು ಸುಳ್ಳೋ ನಿಜವೋ ಎಂದು ತೀರಿಸಿಕೊಳ್ಳಲು ಗಡಿ ದಾಟಿ ಕಾಣಿಪಾಕದ ವಿನಾಯಕನ ಸನ್ನಿಧಿಗೆ ಹೋಗಿ ಪ್ರಮಾಣ ಮಾಡುತ್ತಾರೆ. ಅಲ್ಲಿ ಸುಳ್ಳಾಡಲು ಹೆದರುವ ನಾಲಿಗೆ ಬಂಗಾರಪೇಟೆಯ ಕಟಕಟೆಯಲ್ಲಿ ಏಕೆ ಹೆದರುವುದಿಲ್ಲ? ದೇವರು ನೋಡುತ್ತಾನೆ, ನ್ಯಾಯಾಧೀಶರಿಗೆ ಏನು ಗೊತ್ತು ಎಂಬ ಲೆಕ್ಕವಿರಬಹುದು. ಆ ಲೆಕ್ಕದಲ್ಲಿ ಅರ್ಧ ನಿಜವಿದೆ. ನ್ಯಾಯಾಧೀಶರಿಗೆ ಗೊತ್ತಿಲ್ಲ, ಅವರು ಅಲ್ಲಿರಲಿಲ್ಲ. ನೀವು ಇದ್ದಿರಿ. ಅದಕ್ಕೇ ನಿಮ್ಮನ್ನು ಕರೆಸುವುದು. ಮುಂದಿನ ಸಲ ಮಹಜರಿನ ಹಾಳೆ ನಿಮ್ಮ ಮುಂದೆ ಬಂದಾಗ ಕೊನೆಯ ಸಾಲಿನ ಕೆಳಗೆ, ‘ಪಂಚರು’ ಎಂಬ ಪದದ ಪಕ್ಕ ಬಿಟ್ಟಿರುವ ಖಾಲಿ ಜಾಗವನ್ನು ಒಂದು ಗಳಿಗೆ ನೋಡಿ. ಮೇಲಿರುವುದೆಲ್ಲ ನೀವು ಕಂಡದ್ದಾದರೆ ಸಹಿ ಹಾಕಿ, ಹಾಕಿದ ಮೇಲೆ ಎಷ್ಟೇ ವರ್ಷಕ್ಕೆ ಸಮನ್ಸ್ ಬಂದರೂ ಆ ಸಹಿಯ ಹಿಂದೆ ನಿಲ್ಲಿ. ಕಂಡದ್ದಲ್ಲದಿದ್ದರೆ ಆ ಜಾಗವನ್ನು ಖಾಲಿಯೇ ಬಿಟ್ಟು ಪೆನ್ನು ಹಿಂದಿರುಗಿಸಿ.

ಇಂತಿ,
ನಿಮ್ಮ ಸೀಮೆಯ ಒಬ್ಬ ನಾಗರಿಕ